ಅಸ್ತಮಾ: ಆಸ್ಪತ್ರೆಗಳಲ್ಲಿ ಔಷಧ ಬರೆಯುವ ಕ್ರಮ

ಅಸ್ತಮಾ ಶ್ವಾಸನಾಳಗಳ ದೀರ್ಘಕಾಲದ ಉರಿಯೂತದ ಕಾಯಿಲೆ. ನಾಳದ ಒಳಪದರ ಊದಿಕೊಳ್ಳುತ್ತದೆ, ಸುತ್ತಲಿನ ಸ್ನಾಯು ಬಿಗಿಯುತ್ತದೆ, ಅಂಟು ಕಫ ದಾರಿ ಕಟ್ಟುತ್ತದೆ. ಉಬ್ಬಸ, ಗೂರಲು, ದಮ್ಮು ಎಂದು ಜನ ಹೇಳುವುದು ಈ ಮೂರೂ ಕೂಡಿ ತರುವ ಸಂಕಟವನ್ನು. ಕಾಯಿಲೆ ಬೇರುಸಹಿತ ಹೋಗುವುದು ಕಡಿಮೆ. ಆದರೆ ಸರಿಯಾದ ಔಷಧ ಸಿಕ್ಕವರಲ್ಲಿ ಹೆಚ್ಚಿನವರು ಓಡಾಡಿ, ದುಡಿದು, ರಾತ್ರಿ ನಿದ್ದೆ ಮಾಡಿ ಎಲ್ಲರಂತೆ ಬದುಕಬಲ್ಲರು. ಹಾಗಿದ್ದೂ 2019ರ ಜಾಗತಿಕ ರೋಗಹೊರೆ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ ಸುಮಾರು 3.4 ಕೋಟಿ ಅಸ್ತಮಾ ರೋಗಿಗಳಿದ್ದಾರೆ. ಜಗತ್ತಿನ ರೋಗಿಗಳಲ್ಲಿ ನಮ್ಮ ಪಾಲು ಶೇ. 13ರಷ್ಟು, ಅಸ್ತಮಾ ಸಾವುಗಳಲ್ಲಿ ಶೇ. 40ಕ್ಕೂ ಹೆಚ್ಚು. ಈ ಎರಡು ಅಂಕಿಗಳ ನಡುವಿನ ಅಂತರಕ್ಕೆ ಬಡತನ, ಹೊಗೆ, ದೂರದ ಆಸ್ಪತ್ರೆ ಎಲ್ಲವೂ ಕಾರಣ. ಆದರೆ ಕೈಗೆ ಸಿಕ್ಕ ಚೀಟಿಯಲ್ಲಿ ಏನು ಬರೆದಿದೆ, ಏನು ಬರೆದಿಲ್ಲ ಎಂಬುದೂ ಅಷ್ಟೇ ದೊಡ್ಡ ಕಾರಣ.

ಬಳಕೆಯಲ್ಲಿರುವ ಮುಖ್ಯ ಔಷಧಗಳು ಎರಡು ಬಗೆ. ಸಾಲ್ಬುಟಮಾಲ್, ಲೆವೊಸಾಲ್ಬುಟಮಾಲ್, ಟರ್ಬ್ಯುಟಲೀನ್‌ನಂಥವು ಬಿಗಿದ ಸ್ನಾಯುವನ್ನು ಕೆಲವೇ ನಿಮಿಷಗಳಲ್ಲಿ ಸಡಿಲಿಸುತ್ತವೆ. ಇವು ತಕ್ಷಣ ಆರಾಮ ಕೊಡುವವು. ಬುಡೆಸೊನೈಡ್, ಬೆಕ್ಲೊಮೆಟಸೋನ್, ಫ್ಲುಟಿಕಸೋನ್‌ನಂಥ ಸ್ಟಿರಾಯ್ಡ್‌ಗಳು ಉರಿಯೂತವನ್ನೇ ತಗ್ಗಿಸುತ್ತವೆ. ಸೇದಿದ ಕೂಡಲೇ ಇವುಗಳಿಂದ ಏನೂ ಗೊತ್ತಾಗುವುದಿಲ್ಲ, ದಿನಗಳು ವಾರಗಳು ಕಳೆದಂತೆ ಗುಣ ಕಾಣುತ್ತದೆ. ಮೊದಲನೆಯದನ್ನು ಮಾತ್ರ ಬಳಸುವುದೆಂದರೆ ಒಲೆ ಆರಿಸದೆ ಹೊಗೆ ಹೋಗಲೆಂದು ಕಿಟಕಿ ತೆಗೆದ ಹಾಗೆ. ಫಾರ್ಮೊಟೆರಾಲ್ ಬೇಗನೆ ಕೆಲಸ ಶುರುಮಾಡಿ ಹನ್ನೆರಡು ಗಂಟೆಯಷ್ಟು ಹೊತ್ತು ನಿಲ್ಲುತ್ತದೆ. ಅದನ್ನು ಸ್ಟಿರಾಯ್ಡಿನ ಜೊತೆ ಒಂದೇ ಪಂಪಿನಲ್ಲಿ (ಇನ್ಹೇಲರಿನಲ್ಲಿ) ಸೇರಿಸಿದ್ದು ಇಂದಿನ ಚಿಕಿತ್ಸೆಯ ನಡುಗಂಬವಾಗಿದೆ.

ಹಿನ್ನೆಲೆ

ಅಸ್ತಮಾಕ್ಕೆ ಔಷಧವನ್ನು ಉಸಿರಿನೊಂದಿಗೆ ಎಳೆದುಕೊಳ್ಳುವ ಪದ್ಧತಿ ಭಾರತಕ್ಕೆ ಹೊಸದಲ್ಲ. ಉಮ್ಮತ್ತಿ ಗಿಡದ ಒಣಗಿಸಿದ ಭಾಗಗಳ ಹೊಗೆ ಸೇದಿ ಉಬ್ಬಸ ಇಳಿಸಿಕೊಳ್ಳುವುದನ್ನು ಮದ್ರಾಸಿನಲ್ಲಿ ವೈದ್ಯಾಧಿಕಾರಿಯಾಗಿದ್ದ ಜೇಮ್ಸ್ ಆಂಡರ್ಸನ್ ಕಂಡುಕೊಂಡಿದ್ದರು. 1802ರ ಸುಮಾರಿಗೆ ಆ ಪದ್ಧತಿ ಮದ್ರಾಸಿನಿಂದ ಬ್ರಿಟನ್ನಿಗೆ ಹೋಯಿತು. ಮುಂದೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಯುರೋಪಿನ ಔಷಧದಂಗಡಿಗಳಲ್ಲಿ ಅಸ್ತಮಾ ಸಿಗರೇಟುಗಳು ಮಾರಾಟವಾದವು. ಉಮ್ಮತ್ತಿಯಲ್ಲಿರುವ ಅಟ್ರೊಪಿನ್ ನರಗಳ ಮೂಲಕ ಬರುವ ಬಿಗಿತವನ್ನು ತಡೆಯುತ್ತದೆ. ಇಂದು ತುರ್ತು ಘಟಕಗಳಲ್ಲಿ ಬಳಸುವ ಇಪ್ರಾಟ್ರೋಪಿಯಂ ಅದೇ ಅಟ್ರೊಪಿನ್ನಿನ ಸುರಕ್ಷಿತ ರೂಪ.

ಚಹಾ ಎಲೆಯಿಂದ ಥಿಯೋಫಿಲಿನ್ ಬೇರ್ಪಡಿಸಿದವರು ಜರ್ಮನಿಯ ಆಲ್ಬ್ರೆಕ್ಟ್ ಕೊಸೆಲ್, 1888ರಲ್ಲಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಡ್ರಿನಲಿನ್ ಚುಚ್ಚುಮದ್ದು ಬಂತು. ದೊಡ್ಡ ತಿರುವು 1956ರದು. ಅಮೆರಿಕದ ರೈಕರ್ ಸಂಸ್ಥೆಯ ಮುಖ್ಯಸ್ಥ ಜಾರ್ಜ್ ಮೇಸನ್ನರ ಹದಿಮೂರು ವರ್ಷದ ಅಸ್ತಮಾ ಪೀಡಿತ ಮಗಳು, ಕೂದಲಿಗೆ ಹೊಡೆಯುವ ಸ್ಪ್ರೇ ಡಬ್ಬಿಯಂತೆ ತನ್ನ ಔಷಧವೂ ಯಾಕಿರಬಾರದು ಎಂದು ಅದರ ಹಿಂದಿನ ವರ್ಷ ಕೇಳಿದ್ದಳು. ಒತ್ತಿದಾಗಲೆಲ್ಲ ಅಳತೆಯ ಔಷಧ ಹೊರಬರುವ ಪಂಪ್ ಹೀಗೆ ಹುಟ್ಟಿತು. ಅದೇ 1956ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ತೀವ್ರ ಅಸ್ತಮಾದಲ್ಲಿ ಕಾರ್ಟಿಸೋನ್ ಗುಣಕಾರಿ ಎಂಬ ಪ್ರಯೋಗದ ಫಲಿತಾಂಶ ಪ್ರಕಟಿಸಿತು. 1969ರಲ್ಲಿ ಡೇವಿಡ್ ಜ್ಯಾಕ್ ನೇತೃತ್ವದ ತಂಡ ಸಾಲ್ಬುಟಮಾಲನ್ನು ಬಳಕೆಗೆ ತಂದಿತು. 1972ರಲ್ಲಿ ಬೆಕ್ಲೊಮೆಟಸೋನ್ ಪಂಪ್ ಬಂದಾಗ ಮಾತ್ರೆಯ ದುಷ್ಪರಿಣಾಮಗಳಿಂದ ಬಹುಮಟ್ಟಿಗೆ ತಪ್ಪಿಸಿಕೊಂಡು ಸ್ಟಿರಾಯ್ಡ್ ಕೊಡುವುದು ಸಾಧ್ಯವಾಯಿತು.

ಈ ಮುನ್ನಡೆಗೆ ತೆತ್ತ ಬೆಲೆಯೂ ಇದೆ. 1960ರ ದಶಕದಲ್ಲಿ ಬ್ರಿಟನ್ ಸೇರಿದಂತೆ ಕೆಲವು ದೇಶಗಳಲ್ಲಿ ಎಳೆಯರು, ಯುವಕರು ಅಸ್ತಮಾದಿಂದ ಸಾಯುವುದು ಏರಿತು. ಹೆಚ್ಚು ಸಾಂದ್ರತೆಯ ಐಸೊಪ್ರಿನಲಿನ್ ಪಂಪುಗಳ ಮಿತಿಮೀರಿದ ಬಳಕೆಯತ್ತ ಬೆರಳು ತೋರಿಸಲಾಯಿತು. 1970ರ ದಶಕದ ಕೊನೆಯಲ್ಲಿ ನ್ಯೂಜಿಲೆಂಡಿನಲ್ಲಿ ಮತ್ತೊಂದು ಸಾವಿನ ಅಲೆ ಎದ್ದಿತು. 1989ರಲ್ಲಿ ಪ್ರಕಟವಾದ ಅಧ್ಯಯನ ಅದನ್ನು ಫೆನೊಟೆರಾಲ್ ಪಂಪಿನೊಂದಿಗೆ ಸಂಬಂಧಿಸಿ ತೋರಿಸಿತು, ಆ ಔಷಧದ ಬಳಕೆ ತಗ್ಗಿದ ಮೇಲೆ ಸಾವುಗಳೂ ತಗ್ಗಿದವು. ಉಸಿರು ತಕ್ಷಣ ಹಗುರಾಗುವುದರಿಂದ ರೋಗಿ ಆಸ್ಪತ್ರೆಗೆ ತಡವಾಗಿ ಬರುತ್ತಾನೆ, ಒಳಗೆ ಉರಿಯೂತ ಬೆಳೆಯುತ್ತಲೇ ಇರುತ್ತದೆ. ಅಸ್ತಮಾ ಔಷಧ ಬರೆಯುವ ಪ್ರತಿಯೊಬ್ಬ ವೈದ್ಯರೂ ನೆನಪಿನಲ್ಲಿಟ್ಟುಕೊಳ್ಳಬೇಕಾದ ಇತಿಹಾಸ ಇದು.

ತುರ್ತು ಘಟಕದಲ್ಲಿ

ಏದುಸಿರು ಬಿಡುತ್ತ ಬಂದ ರೋಗಿಯ ತೀವ್ರತೆಯನ್ನು ಡ್ಯೂಟಿ ಡಾಕ್ಟರು ಮೊದಲು ಅಳೆಯುವುದು ಮಾತಿನಿಂದಲೇ. ಒಂದು ವಾಕ್ಯ ಪೂರ್ತಿ ಹೇಳಬಲ್ಲರೇ, ಇಲ್ಲ ಒಂದೊಂದೇ ಪದ ಬಿಡಿಸಿ ಹೇಳುತ್ತಾರೆಯೇ? ನಿಮಿಷಕ್ಕೆ 30 ದಾಟಿದ ಉಸಿರು, 120 ದಾಟಿದ ನಾಡಿ, ಶೇ. 90ಕ್ಕಿಂತ ಇಳಿದ ಆಮ್ಲಜನಕ, ತಮ್ಮ ಎಂದಿನ ಮಟ್ಟದ ಅರ್ಧಕ್ಕಿಂತ ಕೆಳಗಿರುವ ಪೀಕ್ ಫ್ಲೋ (ಜೋರಾಗಿ ಊದಿದಾಗಿನ ಉಸಿರಿನ ವೇಗ), ಇವೆಲ್ಲ ತೀವ್ರ ದಾಳಿಯ ಗುರುತುಗಳು. ಸ್ಟೆತಸ್ಕೋಪಿನಲ್ಲಿ ಸುಯ್ಯೆನ್ನುವ ಸದ್ದು ಕೇಳದೆ ಎದೆ ಮೌನವಾಗಿದ್ದರೆ ಅದು ಗುಣಮುಖವಾದ ಲಕ್ಷಣವಲ್ಲ. ಸದ್ದು ಮಾಡುವಷ್ಟು ಗಾಳಿಯೂ ಒಳಹೋಗುತ್ತಿಲ್ಲವೆಂದು ಅರ್ಥ. ರಕ್ತಪರೀಕ್ಷೆಯಲ್ಲಿ ಇಂಗಾಲದ ಡೈಆಕ್ಸೈಡ್ ಸಹಜ ಮಟ್ಟದಲ್ಲಿದ್ದರೂ ಹಾಗೆಯೇ ಗಾಬರಿಯಾಗಬೇಕು: ವೇಗವಾಗಿ ಉಸಿರಾಡುವವರಲ್ಲಿ ಅದು ಇಳಿದಿರಬೇಕಿತ್ತು, ಸಹಜಕ್ಕೆ ಮರಳಿದೆಯೆಂದರೆ ಸ್ನಾಯುಗಳು ಸೋಲುತ್ತಿವೆ. ಮಂಪರು, ಗೊಂದಲ ಕಂಡವರನ್ನು ತೀವ್ರ ನಿಗಾ ಘಟಕಕ್ಕೆ ಒಯ್ಯಬೇಕು.

ಚಿಕಿತ್ಸೆಯ ಮೊದಲ ಗಂಟೆಯ ಔಷಧಗಳು ಬೆರಳೆಣಿಕೆಯವು. ವಯಸ್ಕರಿಗೆ ಆಮ್ಲಜನಕ ಶೇ. 93ರಿಂದ 95 ಇರುವಷ್ಟು, ಅದಕ್ಕಿಂತ ಹೆಚ್ಚು ಸುರಿಯುವುದು ಹಿತವಲ್ಲ. ಸಾಲ್ಬುಟಮಾಲ್ 2.5ರಿಂದ 5 ಮಿಲಿಗ್ರಾಂ ನೆಬುಲೈಸರಿನಲ್ಲಿ, ಅಥವಾ ಪಂಪಿಗೆ ಸ್ಪೇಸರ್ (ಪಂಪಿಗೂ ಬಾಯಿಗೂ ನಡುವಿನ ಕೊಳವೆ) ಜೋಡಿಸಿ 4ರಿಂದ 10 ಬಾರಿ, ಇಪ್ಪತ್ತು ನಿಮಿಷಕ್ಕೊಮ್ಮೆ. ದಾಳಿ ತೀವ್ರವಾಗಿದ್ದರೆ ಇಪ್ರಾಟ್ರೋಪಿಯಂ ಜೊತೆಗೆ ಸೇರುತ್ತದೆ. ಮತ್ತು ಸ್ಟಿರಾಯ್ಡ್, ಮೊದಲ ಗಂಟೆಯೊಳಗೇ. ಅದರ ಕೆಲಸ ಕಾಣಲು ಕಡೇಪಕ್ಷ ನಾಲ್ಕು ಗಂಟೆ ಬೇಕಾಗುವುದರಿಂದ ‘ನೆಬುಲೈಸೇಷನ್‌ಗೆ ಇಳಿಯದಿದ್ದರೆ ನೋಡೋಣ’ ಎಂದು ಕಾಯುವುದು ತಪ್ಪು. ವಯಸ್ಕರಿಗೆ ದಿನಕ್ಕೆ 40ರಿಂದ 50 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಮಾತ್ರೆ ಸಾಮಾನ್ಯ ಕ್ರಮ. ನುಂಗಲು ಆಗುವವರಿಗೆ ಮಾತ್ರೆ ಕೊಟ್ಟರೂ ರಕ್ತನಾಳಕ್ಕೆ ಹೈಡ್ರೊಕಾರ್ಟಿಸೋನ್ ಕೊಟ್ಟರೂ ಫಲ ಒಂದೇ; ಆದರೂ ನಮ್ಮ ಆಸ್ಪತ್ರೆಗಳಲ್ಲಿ ಸೂಜಿಗೇ ಮೊದಲ ಮಣೆ, ಏಕೆಂದರೆ ಮಾತ್ರೆ ಕೊಟ್ಟು ಕೂರಿಸಿದರೆ ಮನೆಯವರಿಗೆ ಚಿಕಿತ್ಸೆ ನಡೆಯುತ್ತಿದೆ ಎಂದು ಅನಿಸುವುದಿಲ್ಲ. ಇಷ್ಟಕ್ಕೂ ಜಗ್ಗದ ದಾಳಿಗೆ 2 ಗ್ರಾಂ ಮೆಗ್ನೀಸಿಯಂ ಸಲ್ಫೇಟನ್ನು ಇಪ್ಪತ್ತು ನಿಮಿಷಗಳಲ್ಲಿ ರಕ್ತನಾಳಕ್ಕೆ ಹರಿಸುತ್ತಾರೆ.

ನೆಬುಲೈಸರ್ ಬಗ್ಗೆ ಒಂದು ಮಾತು ಬಿಡಿಸಿ ಹೇಳಬೇಕು. ಹೊಗೆಯಂತೆ ಏಳುವ ಔಷಧ, ಮೊರೆಯುವ ಯಂತ್ರ, ಮುಖಕ್ಕೆ ಕವಚ, ಇವನ್ನೆಲ್ಲ ನೋಡಿದವರಿಗೆ ಪಂಪಿಗಿಂತ ಇದೇ ದೊಡ್ಡ ಚಿಕಿತ್ಸೆ ಎಂಬ ಭಾವನೆ ಸಹಜ. ಆದರೆ ನೆಬುಲೈಸರಿನಲ್ಲಿ ಹಾಕಿದ ಔಷಧದ ಹೆಚ್ಚಿನ ಪಾಲು ಗಾಳಿಗೆ, ಕವಚಕ್ಕೆ, ಕೊಳವೆಗೆ ಹೋಗುತ್ತದೆ. ಶ್ವಾಸಕೋಶ ಮುಟ್ಟುವುದು ಹತ್ತರಲ್ಲೊಂದು ಪಾಲು ಅಷ್ಟೆ. ಜೀವಕ್ಕೆ ಅಪಾಯವಿಲ್ಲದ ದಾಳಿಯಲ್ಲಿ ಸ್ಪೇಸರ್ ಜೋಡಿಸಿದ ಪಂಪ್ ಅಷ್ಟೇ ಕೆಲಸ ಮಾಡುತ್ತದೆ. ಮಕ್ಕಳಲ್ಲಿ ಎದೆಬಡಿತ, ನಡುಕವೂ ಕಡಿಮೆ. ಸ್ಪೇಸರ್ ಕೊಳ್ಳಲಾಗದ ಕಡೆಗೂ ದಾರಿಯಿದೆ. ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಹೀದರ್ ಝಾರ್ ಮತ್ತು ಸಂಗಡಿಗರು ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಗೆ ಪಂಪಿನ ಬಾಯಿ ಹೊಂದುವಂತೆ ತೂತು ಮಾಡಿ, ಅದು ಅಂಗಡಿಯ ಸ್ಪೇಸರಿಗೆ ಸಮನೆಂದು 1999ರಲ್ಲಿ ತೋರಿಸಿದರು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಇದಕ್ಕಿಂತ ಉಪಯುಕ್ತವಾದ ಸಂಶೋಧನೆ ಅಪರೂಪ.

ಸಾಲ್ಬುಟಮಾಲ್ ಹೆಚ್ಚಾದಾಗಲೂ ತೊಂದರೆಯಿದೆ. ಕೈ ನಡುಗುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಇಳಿಯುತ್ತದೆ, ಲ್ಯಾಕ್ಟಿಕ್ ಆಮ್ಲ ಏರುತ್ತದೆ. ಆಮ್ಲ ಏರಿದಾಗ ಉಸಿರು ಮತ್ತೆ ವೇಗವಾಗುವುದರಿಂದ ಅಸ್ತಮಾ ಉಲ್ಬಣಿಸಿತೆಂದು ಭಾವಿಸಿ ಅದೇ ಔಷಧವನ್ನು ಇನ್ನಷ್ಟು ಕೊಡುವ ಅಪಾಯವನ್ನು ಅನುಭವಿ ವೈದ್ಯರು ಬಲ್ಲರು.

ಬೇಡದೆಯೂ ಬರೆಯುವ ಔಷಧಗಳು

ಎಟೊಫಿಲಿನ್ ಮತ್ತು ಥಿಯೋಫಿಲಿನ್ ಬೆರೆಸಿದ ಚುಚ್ಚುಮದ್ದು ಡೆರಿಫಿಲಿನ್ ಎಂಬ ಹೆಸರಿನಲ್ಲಿ ಕರ್ನಾಟಕದ ಹಳ್ಳಿ ಪಟ್ಟಣಗಳಲ್ಲಿ ಮನೆಮಾತಾಗಿದೆ. ‘ದಮ್ಮಿನ ಇಂಜೆಕ್ಷನ್’ ಕೊಡಿ ಎಂದು ಕೇಳಿ ಪಡೆಯುವವರಿದ್ದಾರೆ. ಈ ವಂಶದ ಔಷಧಗಳಲ್ಲಿ ಗುಣ ಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಕಡಿಮೆ. ವಾಂತಿ, ಎದೆಬಡಿತದ ಏರುಪೇರು, ಫಿಟ್ಸ್ ಬರಬಹುದು. ಸಿಪ್ರೊಫ್ಲಾಕ್ಸಸಿನ್ ಅಥವಾ ಎರಿತ್ರೊಮೈಸಿನ್ ಜೊತೆಗಿದ್ದರೆ ರಕ್ತದಲ್ಲಿ ಇದರ ಮಟ್ಟ ಇನ್ನೂ ಏರುತ್ತದೆ. ಸಾಲ್ಬುಟಮಾಲ್ ಮತ್ತು ಸ್ಟಿರಾಯ್ಡ್ ಸರಿಯಾಗಿ ಕೊಟ್ಟ ಮೇಲೆ ಇದರಿಂದ ಸಿಗುವ ಹೆಚ್ಚುವರಿ ಲಾಭ ಅಷ್ಟಿಲ್ಲವೆಂದು ಅಂತರರಾಷ್ಟ್ರೀಯ ಮಾರ್ಗಸೂಚಿ ತುರ್ತು ಚಿಕಿತ್ಸೆಯಿಂದ ಇದನ್ನು ಕೈಬಿಟ್ಟಿದೆ.

ಆ್ಯಂಟಿಬಯೋಟಿಕ್‌ಗಳ ಕಥೆ ಎಲ್ಲ ದೇಶಗಳದೂ ಹೌದು. ಅಸ್ತಮಾ ದಾಳಿಗಳನ್ನು ಕೆರಳಿಸುವುದು ಹೆಚ್ಚಾಗಿ ವೈರಸ್‌ಗಳು, ಅವುಗಳ ಮೇಲೆ ಈ ಔಷಧಗಳು ಕೆಲಸ ಮಾಡುವುದಿಲ್ಲ. ಅಸ್ತಮಾ ದಾಳಿಯಲ್ಲಿ ಅಜಿತ್ರೊಮೈಸಿನ್ ಉಪಯೋಗವಿದೆಯೇ ಎಂದು ಪರೀಕ್ಷಿಸಲು ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗಕ್ಕೆ 4,582 ರೋಗಿಗಳನ್ನು ಪರಿಶೀಲಿಸಿದರೂ ಸಿಕ್ಕವರು 199 ಮಂದಿ. 2,044 ಮಂದಿಯನ್ನು ಬಿಡಬೇಕಾಯಿತು, ಅವರಿಗೆ ಅದಾಗಲೇ ಆ್ಯಂಟಿಬಯೋಟಿಕ್ ಬರೆದಾಗಿತ್ತು. ಕೊನೆಗೆ ಅಜಿತ್ರೊಮೈಸಿನ್‌ನಿಂದ ಲಾಭವೂ ಕಾಣಲಿಲ್ಲ. ಜ್ವರ, ಬಣ್ಣಗೆಟ್ಟ ಕಫ, ಎಕ್ಸ್‌ರೇಯಲ್ಲಿ ನ್ಯುಮೋನಿಯಾ ಕಂಡಾಗ ಮಾತ್ರ ಇವು ಬೇಕು.

ನಿದ್ದೆಯ, ಶಾಂತಗೊಳಿಸುವ ಔಷಧಗಳನ್ನು ದಾಳಿಯ ವೇಳೆ ಕೊಡುವಂತಿಲ್ಲ. ಗಾಬರಿಗೊಂಡ ರೋಗಿ ಗಾಳಿಗಾಗಿ ಹೋರಾಡುತ್ತಿರುತ್ತಾರೆ. ಆ ಹೋರಾಟವನ್ನೇ ಮಲಗಿಸಿದರೆ ಉಸಿರು ನಿಲ್ಲಬಹುದು. ಬೇರೆ ಕಾಯಿಲೆಗೆ ತೆಗೆದುಕೊಳ್ಳುವ ಔಷಧಗಳನ್ನೂ ಕೇಳಿ ತಿಳಿಯಬೇಕು. ರಕ್ತದೊತ್ತಡದ ಪ್ರೊಪ್ರನೊಲಾಲ್, ಗ್ಲಾಕೋಮಾದವರು ಕಣ್ಣಿಗೆ ಬಿಡುವ ಟಿಮೊಲಾಲ್ ಹನಿ, ಕೆಲವರಲ್ಲಿ ಆಸ್ಪಿರಿನ್ ಮತ್ತು ಆ ಜಾತಿಯ ನೋವಿನ ಮಾತ್ರೆ ಶ್ವಾಸನಾಳವನ್ನು ಬಿಗಿಯಬಲ್ಲವು. ಕಣ್ಣಿನ ಹನಿಯನ್ನು ಔಷಧವೆಂದು ಯಾರೂ ಹೇಳುವುದಿಲ್ಲ, ವೈದ್ಯರೇ ಕೇಳಬೇಕು.

ಮನೆಗೆ ಕಳಿಸುವಾಗ

ಆಸ್ಪತ್ರೆಯ ಅಸ್ತಮಾ ಚಿಕಿತ್ಸೆಯಲ್ಲಿ ಅತ್ಯಂತ ಮುಖ್ಯವಾದ ಬರಹ ಡಿಸ್ಚಾರ್ಜ್ ಚೀಟಿ. ಅತ್ಯಂತ ಅವಸರದಲ್ಲಿ ಬರೆಯುವುದೂ ಅದನ್ನೇ. ಬ್ರಿಟನ್ನಿನಲ್ಲಿ 195 ಅಸ್ತಮಾ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿದ ರಾಷ್ಟ್ರೀಯ ವರದಿ 2014ರಲ್ಲಿ ಹೊರಬಂತು. ಸತ್ತವರಲ್ಲಿ ಶೇ. 10ರಷ್ಟು ಜನ ಅಸ್ತಮಾಕ್ಕೆಂದೇ ದಾಖಲಾಗಿ ಬಿಡುಗಡೆಯಾಗಿದ್ದ 28 ದಿನಗಳೊಳಗೆ ತೀರಿಕೊಂಡಿದ್ದರು. ತಕ್ಷಣ ಆರಾಮ ಕೊಡುವ ಪಂಪ್ ಬಳಸುತ್ತಿದ್ದವರಲ್ಲಿ ಶೇ. 39ರಷ್ಟು ಜನರಿಗೆ ಕೊನೆಯ ವರ್ಷದಲ್ಲಿ ಹನ್ನೆರಡಕ್ಕಿಂತ ಹೆಚ್ಚು ಪಂಪುಗಳನ್ನು ಬರೆದುಕೊಡಲಾಗಿತ್ತು. ಒಂದು ಪಂಪಿನಲ್ಲಿ ಸಾಮಾನ್ಯವಾಗಿ 200 ಸಲ ಒತ್ತುವಷ್ಟು ಔಷಧವಿರುತ್ತದೆ. ಇಷ್ಟು ಪಂಪ್ ಖಾಲಿಯಾಗುತ್ತಿರುವುದೇ ಅಪಾಯದ ಸೂಚನೆಯಾಗಿತ್ತು, ಅದನ್ನು ಯಾರೂ ಓದಲಿಲ್ಲ.

ಹಾಗಾಗಿ ಮನೆಗೆ ಹೊರಡುವವರ ಚೀಟಿಯಲ್ಲಿ ಸ್ಟಿರಾಯ್ಡ್ ಇರುವ ಪಂಪ್ ಇರಲೇಬೇಕು. ಮೊದಲೇ ಇದ್ದರೆ ಅದು ಸಾಕಾಗಿದೆಯೇ, ಸರಿಯಾಗಿ ಎಳೆಯುತ್ತಿದ್ದಾರೆಯೇ ಎಂದು ನೋಡಬೇಕು. ಪ್ರೆಡ್ನಿಸೊಲೋನ್ ಮಾತ್ರೆ ವಯಸ್ಕರಿಗೆ ಒಟ್ಟು 5ರಿಂದ 7 ದಿನ, ಮಕ್ಕಳಿಗೆ 3ರಿಂದ 5 ದಿನ. ಇಷ್ಟು ಚಿಕ್ಕ ಅವಧಿಗೆ ಪ್ರಮಾಣವನ್ನು ಹಂತಹಂತವಾಗಿ ಇಳಿಸಬೇಕಾಗಿಲ್ಲ. ಒಂದು ವಾರದೊಳಗೆ ಮತ್ತೆ ತೋರಿಸಲು ದಿನಾಂಕ ಬರೆದುಕೊಡಬೇಕು. ಬಿಡುಗಡೆಗೆ ಮುಂಚೆ ರೋಗಿಯ ಕೈಗೆ ಪಂಪ್ ಕೊಟ್ಟು, ಉಸಿರು ಪೂರ್ತಿ ಹೊರಬಿಟ್ಟು, ಒತ್ತುತ್ತಾ ನಿಧಾನವಾಗಿ ಎಳೆದು, ಹತ್ತು ಸೆಕೆಂಡು ಹಿಡಿದು, ಆಮೇಲೆ ಬಾಯಿ ಮುಕ್ಕಳಿಸುವುದನ್ನು ಮಾಡಿಸಿ ನೋಡುವ ದಾದಿಯರ ಕೆಲಸ ಯಾವ ದುಬಾರಿ ಔಷಧಕ್ಕೂ ಕಡಿಮೆಯಲ್ಲ. ಪುಡಿ ಎಳೆಯುವ ರೋಟಾಹೇಲರಿನಲ್ಲಿ ಹಾಕುವ ಕ್ಯಾಪ್ಸೂಲನ್ನು ನೀರಿನೊಂದಿಗೆ ನುಂಗಿದವರೂ ಉಂಟು. ಪುಡಿಯ ಔಷಧವನ್ನು ಜೋರಾಗಿ ಎಳೆಯಬೇಕು, ಡಬ್ಬಿ ಪಂಪಿನದನ್ನು ನಿಧಾನವಾಗಿ. ಈ ವ್ಯತ್ಯಾಸ ಹೇಳದೆ ಒಂದರ ಬದಲು ಇನ್ನೊಂದನ್ನು ಬರೆದರೆ ಔಷಧ ಗಂಟಲಲ್ಲೇ ಉಳಿಯುತ್ತದೆ.

ಸ್ಟಿರಾಯ್ಡ್ ಎಂಬ ಹೆಸರಿಗೇ ಹೆದರುವ ಮನೆಗಳು ಬಹಳ. ಬುಡೆಸೊನೈಡ್ ಕಡಿಮೆ ಪ್ರಮಾಣವೆಂದರೆ ದಿನಕ್ಕೆ 200ರಿಂದ 400 ಮೈಕ್ರೊಗ್ರಾಂ. ದಾಳಿಯ ದಿನ ಕೊಡುವ 40 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಎಂದರೆ 40,000 ಮೈಕ್ರೊಗ್ರಾಂ, ಅದೂ ಇಡೀ ಮೈಗೆ ಹರಡುವಂಥದ್ದು. ಎರಡು ಔಷಧಗಳ ಕಸುವು ಬೇರೆಯಾದ್ದರಿಂದ ತೂಕದ ಲೆಕ್ಕ ನೇರವಾಗಿ ಹೊಂದುವುದಿಲ್ಲ ನಿಜ. ಆದರೆ ಪಂಪಿಗೆ ಹೆದರಿ ಬಿಟ್ಟವರು ವರ್ಷಕ್ಕೆ ಎರಡು ಮೂರು ಸಲ ಮಾತ್ರೆಯ ಪಾಲಾಗುತ್ತಾರೆ. ಮೂಳೆ ಸವೆತ, ಸಕ್ಕರೆ ಕಾಯಿಲೆ, ಕಣ್ಣಿನ ಪೊರೆಯ ಅಪಾಯ ಬರುವುದು ಆ ಮಾತ್ರೆಗಳು ಮತ್ತೆ ಮತ್ತೆ ಸೇರಿದಾಗ. ಗರ್ಭಿಣಿಯರೂ ಪಂಪ್ ನಿಲ್ಲಿಸಬಾರದು. ತಾಯಿಗೆ ಆಮ್ಲಜನಕ ಕಡಿಮೆಯಾದರೆ ಮಗುವಿಗೂ ಕಡಿಮೆಯಾಗುತ್ತದೆ.

ಹೊರರೋಗಿ ವಿಭಾಗದಲ್ಲಿ

1993ರಲ್ಲಿ ಆರಂಭವಾದ ಜಿನಾ ಎಂಬ ಜಾಗತಿಕ ಅಸ್ತಮಾ ಉಪಕ್ರಮ ಔಷಧಗಳನ್ನು ಐದು ಮೆಟ್ಟಿಲುಗಳಲ್ಲಿ ಜೋಡಿಸಿದೆ. ಹತೋಟಿ ಸಿಗದಿದ್ದರೆ ಒಂದು ಮೆಟ್ಟಿಲು ಮೇಲೆ, ಎರಡು ಮೂರು ತಿಂಗಳು ಚೆನ್ನಾಗಿದ್ದರೆ ಒಂದು ಮೆಟ್ಟಿಲು ಕೆಳಗೆ. 2019ರಲ್ಲಿ ಜಿನಾ ಐವತ್ತು ವರ್ಷಗಳ ರೂಢಿಯನ್ನು ಮುರಿಯಿತು: ಹದಿಹರೆಯದವರಿಗೂ ವಯಸ್ಕರಿಗೂ ಸಾಲ್ಬುಟಮಾಲ್ ಒಂದನ್ನೇ ಬರೆಯಬಾರದು, ಸೌಮ್ಯ ಅಸ್ತಮಾದಲ್ಲಿಯೂ ಸ್ಟಿರಾಯ್ಡ್ ಇರಬೇಕು. ಬುಡೆಸೊನೈಡ್-ಫಾರ್ಮೊಟೆರಾಲ್ ಪಂಪನ್ನು ಬೇಕೆನಿಸಿದಾಗ ಮಾತ್ರ ಎಳೆದವರಲ್ಲಿ, ಬೇಕೆನಿಸಿದಾಗ ಟರ್ಬ್ಯುಟಲೀನ್ ಮಾತ್ರ ಎಳೆದವರಿಗಿಂತ ತೀವ್ರ ದಾಳಿಗಳು ಶೇ. 64ರಷ್ಟು ಕಡಿಮೆಯಾದವು ಎಂದು 2018ರ ಸಿಗ್ಮಾ ಪ್ರಯೋಗ ತೋರಿಸಿದ್ದು ಇದರ ಹಿಂದಿನ ಬಲ. ರೋಗಿಗೆ ಆರಾಮ ಬೇಕೆನಿಸಿದಾಗಲೆಲ್ಲ ಸ್ಟಿರಾಯ್ಡೂ ಒಳಹೋಗುತ್ತದೆ. ದಿನವೂ ನೆನಪಿಟ್ಟು ಎಳೆಯುವ ಶಿಸ್ತಿನ ಮೇಲೆ ಎಲ್ಲವೂ ನಿಂತಿರುವುದಿಲ್ಲ. ದುಡಿದು ದಣಿಯುವ ಜನಕ್ಕೆ ಹೊಂದುವ ವಿಧಾನ ಇದು. ಮಾಂಟೆಲುಕಾಸ್ಟ್ ಮಾತ್ರೆ ನುಂಗುವುದು ಸುಲಭವೆಂದು ಮಕ್ಕಳಿಗೆ ಬಹಳ ಬರೆಯುತ್ತಾರೆ. ಪಂಪಿನ ಸ್ಟಿರಾಯ್ಡಿಗಿಂತ ಅದರ ಬಲ ಕಡಿಮೆ, ಮನಸ್ಸಿನ ಮೇಲಿನ ಅಡ್ಡಪರಿಣಾಮಗಳಿಗಾಗಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು. ಒಮಾಲಿಜುಮ್ಯಾಬ್‌ನಂಥ ಜೈವಿಕ ಚುಚ್ಚುಮದ್ದುಗಳು ಕೊನೆಯ ಮೆಟ್ಟಿಲಿನವು, ದುಬಾರಿ, ದೊಡ್ಡ ಆಸ್ಪತ್ರೆಗಳಲ್ಲಷ್ಟೇ ಕಾಣಸಿಗುತ್ತವೆ.

ಚೀಟಿಯ ಭಾಷೆಯೂ ಚಿಕಿತ್ಸೆಯ ಭಾಗ. 1-0-1 ಎಂದರೆ ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ನಮ್ಮಲ್ಲಿ ಓದುಬಾರದವರಿಗೂ ಗೊತ್ತು. ಎಸ್‌ಒಎಸ್ ಎಂದು, ಅಂದರೆ ಬೇಕೆನಿಸಿದಾಗಷ್ಟೇ ಎಂದು, ಬರೆದದ್ದು ಮಾತ್ರ ತಿಳಿಯುವುದಿಲ್ಲ. ಎರಡು ಪಂಪ್ ಬರೆದುಕೊಟ್ಟಾಗ ಆರಾಮ ಕೊಡುವುದನ್ನು ದಿನವೂ, ಉರಿಯೂತ ತಗ್ಗಿಸುವುದನ್ನು ಉಬ್ಬಸ ಬಂದಾಗ ಮಾತ್ರ ಬಳಸುವ ಅದಲುಬದಲು ಆಗುವುದು ಹೀಗೆಯೇ. ಔಷಧದ ಮೂಲ ಹೆಸರನ್ನು ಸ್ಪಷ್ಟವಾಗಿ, ಆದಷ್ಟು ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲಿ ನಿಯಮ ತಿದ್ದಿದರೂ ಕಂಪನಿ ಹೆಸರುಗಳೇ ಹೆಚ್ಚು ಚಲಾವಣೆಯಲ್ಲಿವೆ. ಬಾಯಿಮಾತಿಗೂ ಇದೇ ತೂಕವಿದೆ: ಜೂನ್ ತಿಂಗಳ ಮೃಗಶಿರಾ ಮಳೆಯ ಹೊತ್ತಿಗೆ ಹೈದರಾಬಾದಿಗೆ ಅಸ್ತಮಾದ ಮೀನಿನ ಔಷಧಕ್ಕೆ ಹೋಗುವವರನ್ನು ಗದರಿಸದೆ, ಅಲ್ಲಿಂದ ಬಂದ ಮೇಲೆಯೂ ಪಂಪ್ ನಿಲ್ಲಿಸಬೇಡಿ ಎಂದು ಒಪ್ಪಿಸುವುದು ಹೆಚ್ಚು ಫಲ ಕೊಡುತ್ತದೆ.

ಅಳತೆ ಮತ್ತು ಫಲ

ಬೆಂಗಳೂರಿನ ಮಕ್ಕಳ ತಜ್ಞ ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಅಸ್ತಮಾದ ಪ್ರಮಾಣ 1979ರಲ್ಲಿ ಶೇ. 9 ಇದ್ದದ್ದು 1999ಕ್ಕೆ ಶೇ. 29.5 ಆಯಿತೆಂದು ದಾಖಲಿಸಿದರು. ಆಸ್ಪತ್ರೆಗೆ ಬಂದವರ ಲೆಕ್ಕವಾದ್ದರಿಂದ ಇದು ಇಡೀ ಊರಿನ ಪ್ರಮಾಣವಲ್ಲ, ಆದರೂ ನಗರ ಬೆಳೆದ ರೀತಿಗೆ ಸಾಕ್ಷಿ. 2012ರಲ್ಲಿ ಪ್ರಕಟವಾದ ಬಹುಕೇಂದ್ರ ಸಮೀಕ್ಷೆ ಭಾರತದ ವಯಸ್ಕರಲ್ಲಿ ಶೇ. 2.05 ಎಂದು ಹೇಳಿತು.

ವೈದ್ಯರು ನಿಜವಾಗಿ ಏನು ಬರೆಯುತ್ತಾರೆಂದು ತಿಳಿಯಲು ಔಷಧಶಾಸ್ತ್ರ ವಿಭಾಗಗಳು ಚೀಟಿಗಳನ್ನೇ ಕಲೆಹಾಕುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 1993ರಲ್ಲಿ ಪ್ರಕಟಿಸಿದ ಸೂಚಕಗಳು ಇದಕ್ಕೆ ಆಧಾರ: ಒಂದು ಚೀಟಿಗೆ ಎಷ್ಟು ಔಷಧ, ಮೂಲ ಹೆಸರಿನವು ಎಷ್ಟು, ಆ್ಯಂಟಿಬಯೋಟಿಕ್ ಎಷ್ಟು, ಚುಚ್ಚುಮದ್ದು ಎಷ್ಟು, ಅಗತ್ಯ ಔಷಧಗಳ ಪಟ್ಟಿಯವು ಎಷ್ಟು. ಆದರೆ ಅಸ್ತಮಾಕ್ಕೆ ಈ ಸಾಮಾನ್ಯ ಅಳತೆ ಸಾಲದು. ಎರಡೇ ಔಷಧವಿರುವ, ಮೂಲ ಹೆಸರಿನಲ್ಲೇ ಬರೆದ ಚೀಟಿ ಈ ಪರೀಕ್ಷೆಯಲ್ಲಿ ಪಾಸಾಗಿಯೂ ಸ್ಟಿರಾಯ್ಡ್ ಪಂಪ್ ಇಲ್ಲದೆ ರೋಗಿಯನ್ನು ಅಪಾಯಕ್ಕೆ ಬಿಡಬಹುದು. ಸೇದುವ ರೂಪಕ್ಕೂ ಮಾತ್ರೆ, ಸಿರಪ್ಪಿಗೂ ಇರುವ ಪ್ರಮಾಣ, ಮನೆಗೆ ಹೋದವರಲ್ಲಿ ಸ್ಟಿರಾಯ್ಡ್ ಪಂಪ್ ಪಡೆದವರ ಪಾಲು, ಪಂಪ್ ಬಳಕೆ ಕಲಿಸಿದ್ದು ಕೇಸ್ ಶೀಟಿನಲ್ಲಿ ದಾಖಲಾಗಿದೆಯೇ ಎಂಬುದು, ಇವನ್ನೂ ಎಣಿಸಬೇಕು.

ಒಂದು ದೇಶ ಹೀಗೆ ಎಣಿಸಿ ಬದಲಾಯಿತು. ಫಿನ್ಲೆಂಡ್ 1994ರಿಂದ 2004ರವರೆಗೆ ನಡೆಸಿದ ರಾಷ್ಟ್ರೀಯ ಅಸ್ತಮಾ ಕಾರ್ಯಕ್ರಮದಲ್ಲಿ ಉರಿಯೂತದ ಚಿಕಿತ್ಸೆಯನ್ನು ಕಾಯಿಲೆ ಪತ್ತೆಯಾದ ದಿನದಿಂದಲೇ ಆರಂಭಿಸಲು ಊರೂರಿನ ವೈದ್ಯರು, ದಾದಿಯರು, ಔಷಧದಂಗಡಿಯವರಿಗೆ ತರಬೇತಿ ಕೊಟ್ಟಿತು. ಔಷಧ ಪಡೆಯುವ ರೋಗಿಗಳ ಸಂಖ್ಯೆ ಏರಿತು. ಅಸ್ತಮಾಕ್ಕಾಗಿ ಆಸ್ಪತ್ರೆಯಲ್ಲಿ ಕಳೆದ ದಿನಗಳು 1993ರಲ್ಲಿ ಸುಮಾರು 1,10,000 ಇದ್ದವು. 2003ರಲ್ಲಿ ಸುಮಾರು 51,000ಕ್ಕೆ ಇಳಿದವು. ಆ ದೇಶ ಬಳಸಿದ್ದು ಬಹುಪಾಲು ಇಂದು ನಮ್ಮ ತಾಲ್ಲೂಕು ಕೇಂದ್ರದ ಔಷಧದಂಗಡಿಯಲ್ಲೂ ಸಿಗುವ ಬಗೆಯ ಪಂಪುಗಳನ್ನೇ.